ಹಗ್ಗ ಹಿಂದಿರುಗಿಸಿದ ತಪ್ಪಿಗೆ ದೊಡ್ಡಿ ಸೇರಿದ ಹತ್ತು ದನಗಳು

ಜಾನುವಾರು ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮೊದಲು ಖರ್ಚು ಹೇಳಿಬಿಡುತ್ತೇನೆ, ದುಃಖ ಆಮೇಲೆ. ಇಬ್ರಿಯ ಸಂತೆಯಲ್ಲಿ ಕೊಂಡ ಹತ್ತು ದನಗಳಿಗೆ ಸಾವಿರದ ಏಳುನೂರ ಇಪ್ಪತ್ತು ರಿಯಾಲ್. ಅವನ್ನು ಬರ್ಕಾಕ್ಕೆ ತಂದ ಲಾರಿಗೆ ಅರವತ್ತೈದು. ಹುಲ್ಲಿನ ಬೀಜ, ಪೈಪು, ಪಂಪು ಸೇರಿ ನಾನೂರ ಎಂಬತ್ತು. ಬೇಲಿಗೂ ನೆರಳಿನ ಚಪ್ಪರಕ್ಕೂ ಇನ್ನೂರ ತೊಂಬತ್ತು. ನನ್ನ ವೀಸಾಕ್ಕೆ ಜಾಮೀನು ನಿಂತ ಕಫೀಲನ ಜಮೀನಿನ ಬಾಡಿಗೆ ಮುನ್ನೂರು, ಡೀಸೆಲ್ಲಿಗೆ ನೂರ ಮೂವತ್ತು. ಒಟ್ಟು ಎರಡು ಸಾವಿರದ ಒಂಬೈನೂರ ಎಂಬತ್ತೈದು. ಅದರಲ್ಲಿ ಆರುನೂರು ನನ್ನ ಹೆಂಡತಿ ನಫೀಸತಳ ಬಳೆಗಳಿಂದ ಬಂದದ್ದು. ಆದರೆ ನನ್ನನ್ನು ಮುಳುಗಿಸಿದ್ದು ಇದ್ಯಾವುದೂ ಅಲ್ಲ. ಮುಳುಗಿಸಿದ್ದು ಊರಿಂದ ತರಿಸಿದ ಹತ್ತು ತೆಂಗಿನ ನಾರಿನ ಹಗ್ಗ. ಮಂಗಳೂರಿನ ಬಂದರಿನಲ್ಲಿ ಅವುಗಳ ಕ್ರಯ ಎಪ್ಪತ್ತು ರೂಪಾಯಿ.

ಅರಬಿಯಲ್ಲಿ ನಿಮಗೆ ಮೂರು ಅರ್ಜಿ ಬರೆಸಿ ಕೊಟ್ಟಿದ್ದೆ. ಟೈಪು ಮಾಡಿದವನು ಅದರಲ್ಲಿ ಎಷ್ಟು ವಿನಯ ತುಂಬಿದ್ದನೆಂದರೆ, ಓದಿಸಿ ಕೇಳಿದಾಗ ನನ್ನ ದೂರು ಎಲ್ಲಿದೆಯೆಂದು ನನಗೇ ಸಿಗಲಿಲ್ಲ. ಹಾಗಾಗಿ ಈಗ ನನ್ನ ಭಾಷೆಯಲ್ಲಿ ಬರೆದು, ನಮ್ಮೂರವರು ಫೋಟೋಕಾಪಿ ಮಾಡಿ ರೂವಿಯ ಅಂಗಡಿಗಳಲ್ಲಿ ಅಂಟಿಸುವ ವಾರದ ಹಾಳೆಗೆ ಕೊಟ್ಟಿದ್ದೇನೆ. ನಿಮ್ಮ ಕಚೇರಿಯ ಗುಮಾಸ್ತ ಪ್ರೇಮನಾಥರು ಉಡುಪಿಯವರು, ಇದನ್ನು ನಿಮಗೆ ಓದಿ ಹೇಳುತ್ತಾರೆ. ಅವರ ಮೇಲೆ ಸಿಟ್ಟಾಗಬೇಡಿ. ನನ್ನ ಮೇಲಾಗುವುದಾದರೆ ಆಗಿ, ಅದಕ್ಕೇನೂ ಖರ್ಚಿಲ್ಲ.

ನಾನು ಎಂಬತ್ತೊಂದನೇ ಇಸವಿಯಲ್ಲಿ ಊರು ಬಿಟ್ಟು ಗಲ್ಫಿಗೆ, ರೂವಿಯ ಮಾಂಸದ ಅಂಗಡಿಯೊಂದಕ್ಕೆ ನೆಲ ತೊಳೆಯಲು ಬಂದವನು. ಹದಿಮೂರು ವರ್ಷಗಳಲ್ಲಿ ಅದೇ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೆ. ಈ ಕರಾವಳಿಯ ದನದ ಮಾಂಸವನ್ನು ದೊಡ್ಡ ಹೋಟೆಲಿನವರು ಮುಟ್ಟುವುದಿಲ್ಲ ಎಂಬುದು ನನಗೆ ಮೊದಲ ವರ್ಷವೇ ತಿಳಿದಿತ್ತು. ಕಾರಣ ನಿಮಗೂ ಗೊತ್ತು. ಇಲ್ಲಿ ಹುಲ್ಲಿಗಿಂತ ಮೀನು ಅಗ್ಗ. ದನಗಳಿಗೆ ಒಣಗಿಸಿದ ಬೂತಾಯಿ ಮೀನು, ಅದರ ಜೊತೆಗೆ ಖರ್ಜೂರ. ನಮ್ಮೂರಲ್ಲಿ ಅದೇ ಬೂತಾಯಿಯನ್ನು ತೆಂಗಿನ ಬುಡಕ್ಕೆ ಹಾಕುತ್ತಾರೆ, ಎಳನೀರಿಗೆ ಮೀನಿನ ರುಚಿ ಬರುವುದಿಲ್ಲ. ದನ ತೆಂಗಿನಮರವಲ್ಲ. ತಿಂದದ್ದು ಮಾಂಸದಲ್ಲಿ ಗೊತ್ತಾಗುತ್ತದೆ.

ಹೋಟೆಲೊಂದರಲ್ಲಿ ಖರೀದಿ ನೋಡುವ ಮಂಗಳೂರಿನ ಸ್ಟೆಲ್ಲಾ ಬಾಯಿ ಪರದೇಶದ ಫ್ರೋಜನ್ ಮಾಂಸದ ಪೆಟ್ಟಿಗೆಗಳನ್ನು ಇಳಿಸಿಕೊಳ್ಳುವುದನ್ನು ನೋಡಿ ಒಮ್ಮೆ ಕೇಳಿದೆ, "ಬಾಯಿ, ಹುಲ್ಲು ಮಾತ್ರ ತಿಂದ ದನ ಇಲ್ಲೇ ಕೊಟ್ಟರೆ?"

"ಕೊಡಿ ನೋಡುವ. ಒಂದು ತುಂಡು ಬರೀ ನೀರಲ್ಲಿ ಬೇಯಿಸ್ತೇನೆ. ಮುಚ್ಚಳ ತೆಗೆದಾಗ ಬೂತಾಯಿ ವಾಸನೆ ಬಂತಾ, ನಿಮ್ಮ ದನ ನಿಮಗೇ. ಇಲ್ವಾ, ವಾರಕ್ಕೊಂದು ದನ ನನಗೆ."

ಅಷ್ಟೇ ಒಪ್ಪಂದ. ಅದಕ್ಕೇ ಕಡಲಿನಿಂದ ದೂರದ ಇಬ್ರಿಗೆ ಹೋದೆ. ಮೀನಿನ ರುಚಿ ಹತ್ತದ ದನ ಬೇಕಿತ್ತಲ್ಲ. ಹತ್ತನ್ನೂ ಒಬ್ಬನೇ ಮುದುಕನಿಂದ ಕೊಂಡೆ. ಅವನು ಮಕ್ಕಳನ್ನು ಕರೆಯುವಂತೆ ಒಂದೊಂದರ ಹೆಸರು ಹಿಡಿದು ಕರೆದ. ಅವು ಒಂದೊಂದಾಗಿ ತಾವೇ ನಡೆದು ಬಂದು ಲಾರಿ ಹತ್ತಿದವು. ಕೋಲೆತ್ತಬೇಕಾಗಲಿಲ್ಲ.

ನನ್ನ ತಪ್ಪು ನಡೆದದ್ದು ಆಗಲೇ. ನಮ್ಮ ಮನೆತನದಲ್ಲಿ ದನ ಕೊಂಡರೆ ಅದರ ಕೊರಳ ಹಗ್ಗ ತರುವ ಕ್ರಮವಿಲ್ಲ. ಆ ಹಗ್ಗ ದನ ಮಾರಿದವನ ಹಟ್ಟಿಗೇ ಸೇರಬೇಕು. ಇಲ್ಲದಿದ್ದರೆ ಅವನ ಹಟ್ಟಿ ಬರಿದಾಗುತ್ತದೆ, ಆ ಪಾಪ ಕೊಂಡವನಿಗೆ. ನನ್ನ ಬಾಪ ಸಾಲ ಮಾಡಿ ದನ ತಂದಾಗಲೂ ಹಗ್ಗ ಮಾತ್ರ ಮನೆಯಿಂದಲೇ ಒಯ್ಯುತ್ತಿದ್ದರು. ನಾನೂ ಹತ್ತು ಹೊಸ ಹಗ್ಗ ಕಟ್ಟಿ, ಹಳೆಯ ಹತ್ತನ್ನು ಮುದುಕನ ಕೈಗಿಟ್ಟೆ. ಅವನ ಕಣ್ಣು ತುಂಬಿತು. ನಾನೇನೋ ದೊಡ್ಡ ಮನುಷ್ಯನಾದೆ ಅಂದುಕೊಂಡೆ. ಆ ಹಳೆಯ ಹಗ್ಗಗಳ ಗಂಟಿನಲ್ಲಿ ನಿಮ್ಮ ಇಲಾಖೆಯ ಸೀಸದ ಮುದ್ರೆ ತೂಗುತ್ತಿತ್ತು. ದನ ರೋಗವಿಲ್ಲದ್ದು, ಕದ್ದದ್ದಲ್ಲ ಎಂಬುದಕ್ಕೆ ಇರುವ ಒಂದೇ ಸಾಕ್ಷಿ ಅದು. ನಾನು ಅದನ್ನು ಘಂಟೆಯ ಬದಲು ಕಟ್ಟಿದ್ದು ಅಂದುಕೊಂಡೆ.

ಏಳು ತಿಂಗಳು ಸಾಕಿದೆ. ಮೊದಲು ಹತ್ತನ್ನೂ ಒಟ್ಟಿಗೆ ಹೊಲಕ್ಕೆ ಬಿಟ್ಟೆ. ಅವು ತಿಂದದ್ದಕ್ಕಿಂತ ತುಳಿದದ್ದೇ ಹೆಚ್ಚು. ಆಮೇಲೆ ಹೊಲವನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಒಂದು ಪಟ್ಟಿ ಮೇಯುವಾಗ ಇನ್ನೊಂದು ಚಿಗುರುವಂತೆ ಮಾಡಲು ಕಲಿತೆ. ಬಾವಿ ನೀರು ಉಪ್ಪಾಗುತ್ತಾ ಬಂತು, ಆದರೂ ಹುಲ್ಲು ನನ್ನ ಕೈಬಿಡಲಿಲ್ಲ. ಎರಡು ಹೋರಿಗಳು ಹೊಳೆಯತೊಡಗಿದವು. ಮೊದಲ ಸಲ ಅವನ್ನು ಕಸಾಯಿಖಾನೆಗೆ ಒಯ್ದ ದಿನ ನಿಮ್ಮ ಇನ್ಸ್‌ಪೆಕ್ಟರು ಕೊರಳು ತಡವಿ ಕೇಳಿದರು, "ಮುದ್ರೆ ಎಲ್ಲಿ?" ಸಂಜೆಯೊಳಗೆ ಎರಡಲ್ಲ, ಹತ್ತೂ ನಿಮ್ಮ ದೊಡ್ಡಿಯಲ್ಲಿದ್ದವು.

ನಾನು ಇಬ್ರಿಗೆ ಓಡಿದೆ. ಮುದುಕ ಹಗ್ಗ ಎಸೆದಿರಲಿಲ್ಲ. ಹಟ್ಟಿಯ ಗೂಟಕ್ಕೆ ಹತ್ತನ್ನೂ ಸಾಲಾಗಿ ತೂಗುಹಾಕಿದ್ದ, ಮುದ್ರೆಗಳ ಸಮೇತ. "ನೀನು ಮರ್ಯಾದೆ ಕೊಟ್ಟದ್ದನ್ನು ಬಿಸಾಡುತ್ತೇನೆಯೇ?" ಎಂದ ತನ್ನ ಮುರುಕು ಹಿಂದಿಯಲ್ಲಿ. ಆ ಹೊತ್ತಿಗೆ ನನಗೆ ಅಳು ಬರಬೇಕಿತ್ತು. ನಗು ಬಂತು, ಇನ್ನೇನು ಬಿಡುಗಡೆಯೆಂದು.

ನಿಮ್ಮ ಮೇಜಿನ ಮೇಲೆ ಹತ್ತು ಹಗ್ಗ, ಹತ್ತು ಮುದ್ರೆ ಇಟ್ಟೆ. ಒಂದೂ ಒಡೆದಿರಲಿಲ್ಲ. ನಂಬರುಗಳೆಲ್ಲ ನಿಮ್ಮ ರಿಜಿಸ್ಟರಿನಲ್ಲಿದ್ದವು. ತಾವು ಏನೋ ಹೇಳಿದಿರಿ. ಪ್ರೇಮನಾಥರು ನನ್ನ ಮುಖ ನೋಡದೆ ಕನ್ನಡಕ್ಕೆ ತಂದರು, "ಮುದ್ರೆ ಸರಿ ಉಂಟಂತೆ ಇದಿನಬ್ಬ ಕಾಕ. ದನವೂ ಸರಿ ಉಂಟಂತೆ. ಆದ್ರೆ ಮುದ್ರೆ ದನದ ಕೊರಳಲ್ಲಿ ಇರಬೇಕಿತ್ತಂತೆ."

"ಈಗ ಕಟ್ಟುವ ಮಾರಾಯ್ರೆ, ಹಗ್ಗ ಇಲ್ಲೇ ಉಂಟಲ್ಲ!"

"ಬಿಚ್ಚಿದ್ದನ್ನು ಕಟ್ಲಿಕ್ಕೆ ನಿಯಮ ಇಲ್ವಂತೆ."

ಬಿಚ್ಚಲು ನಿಯಮವಿತ್ತೇ ಮಾನ್ಯರೇ? ನಿಮ್ಮ ಮುದ್ರೆಯಲ್ಲಿ ನಂಬಿಕೆಯಿಲ್ಲದವನು ನಾನೋ, ನೀವೋ? ಅಳಿಸದ, ಒಡೆಯದ, ನೀವೇ ಒತ್ತಿದ ನಂಬರನ್ನು ಕಣ್ಣೆದುರು ಇಟ್ಟರೂ ಒಪ್ಪದ ಕಚೇರಿಗೆ ಸೀಸ ಯಾಕೆ ಬೇಕು, ಮೀನುಗಾರರ ಬಲೆಗಾದರೂ ಕೊಡಬಹುದಲ್ಲ?

ಇಷ್ಟೇ ಆಗಿದ್ದರೆ ಕಾಯುತ್ತಿದ್ದೆ. ಕಾಯುವುದರಲ್ಲಿ ಗಲ್ಫಿನವರಿಗಿಂತ ಪಳಗಿದವರಿಲ್ಲ. ಆದರೆ ನಿಮ್ಮ ದೊಡ್ಡಿಯಲ್ಲಿ ಹಸಿಹುಲ್ಲಿಲ್ಲ. ಅಲ್ಲಿ ಹಾಕುವುದು ಏನು? ಬೂತಾಯಿ. ನಾನು ಬೇಲಿಯಾಚೆ ಪಿಕಪ್ಪಿನಲ್ಲಿ ಹುಲ್ಲು ತುಂಬಿಕೊಂಡು ನಿಲ್ಲುತ್ತೇನೆ, ಹೊರಗಿನ ಮೇವು ನಿಷಿದ್ಧ ಎನ್ನುತ್ತಾನೆ ಕಾವಲುಗಾರ. ಮೊದಮೊದಲು ದನಗಳು ಮೂಸಿ ಮುಖ ತಿರುಗಿಸುತ್ತಿದ್ದವು. ಹಸಿವು ಎಷ್ಟು ದಿನ ಮುಖ ತಿರುಗಿಸೀತು? ನಿನ್ನೆ ಹೋದಾಗ ಚೊಚ್ಚಲ ಬಸುರಿ ಕಡಸು ಮೀನಿನ ತಲೆ ಜಗಿಯುತ್ತಿತ್ತು. ನನ್ನನ್ನು ನೋಡಿಯೂ ಜಗಿಯುತ್ತಿತ್ತು. ಪ್ರೇಮನಾಥರು ಹತ್ತಿರ ಬಂದು, "ನಾನು ದನ ತಿನ್ನುವವ ಅಲ್ಲ ಕಾಕ, ಆದ್ರೆ ಇದನ್ನು ನೋಡ್ಲಿಕ್ಕೆ ಆಗುದಿಲ್ಲ" ಎಂದರು. ಆ ಮೇವಿನ ಬಿಲ್ಲನ್ನೂ ಅವರೇ ನನ್ನ ಕೈಗೆ ಕೊಡಬೇಕಾಗಿ ಬಂತು, ಪಾಪ. ನನ್ನ ಏಳು ತಿಂಗಳ ಹುಲ್ಲನ್ನು ಅಳಿಸಿಹಾಕುವ ಮೀನಿಗೆ ದುಡ್ಡು ಕೊಡಬೇಕಾದವನೂ ನಾನೇ.

ಸ್ಟೆಲ್ಲಾ ಬಾಯಿ ಫೋನು ಮಾಡಿದ್ದರು, ಈ ತಿಂಗಳ ಕೊನೆಯವರೆಗೆ ಕಾಯುತ್ತಾರಂತೆ. ನಿಮ್ಮ ಗೇಟಿನ ನೋಟೀಸಿನಲ್ಲಿ ಹರಾಜಿನ ದಿನವೂ ಈ ತಿಂಗಳ ಕೊನೆಯೇ. ಕಫೀಲ್ ಒಳ್ಳೆಯವನು, ಆದರೆ ದನಗಳ ಕಾಗದ ಅವನ ಹೆಸರಲ್ಲಿದೆ, ಹರಾಜಿನಲ್ಲಿ ಕೂಗುವುದೂ ಅದನ್ನೇ. "ದನ ಹರಾಜಾದರೆ ನೀನೂ ಖಲಾಸ್" ಎಂದಿದ್ದಾನೆ. ಖಲಾಸ್ ಎಂದರೆ ವೀಸಾ ರದ್ದು. ನಫೀಸತ್ ಬಳೆಗಳ ಮಾತೆತ್ತುವುದಿಲ್ಲ. ಊಟ ಬಡಿಸುವಾಗ ಬರಿಗೈ ನನಗೆ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಬೈದಿದ್ದರೆ ಸುಲಭವಿತ್ತು.

ನಾನು ದಯೆ ಕೇಳುತ್ತಿಲ್ಲ, ತಪಾಸಣೆ ಕೇಳುತ್ತಿದ್ದೇನೆ. ನಿಮ್ಮ ಕಚೇರಿಯ ಹೆಸರೇ ಅದಲ್ಲವೇ? ಬರುವ ಶನಿವಾರ ಬೆಳಿಗ್ಗೆ ಇಬ್ರಿಯ ಮುದುಕ ನನ್ನ ಪಿಕಪ್ಪಿನಲ್ಲಿ ನಿಮ್ಮ ಗೇಟಿಗೆ ಬರುತ್ತಾನೆ. ದೊಡ್ಡಿಯಲ್ಲಿ ಬೇರೆಯವರ ನಲವತ್ತಕ್ಕೂ ಹೆಚ್ಚು ದನಗಳಿವೆ. ಗೇಟು ತೆರೆದು ನಿಲ್ಲಿ. ಅವನು ಹೆಸರು ಹಿಡಿದು ಕರೆಯಲಿ. ಕರೆದಾಗ ನಡೆದು ಬಂದದ್ದರ ಕೊರಳಿಗೆ ಅದರದೇ ಹಗ್ಗ ಕಟ್ಟಿ, ಮುದ್ರೆಯ ನಂಬರನ್ನು ರಿಜಿಸ್ಟರಿಗೆ ಹೊಂದಿಸಿ ನನಗೆ ಬಿಡಿ. ಬಾರದೆ ನಿಂತದ್ದನ್ನು ನೀವೇ ಇಟ್ಟುಕೊಳ್ಳಿ, ಅದಕ್ಕೆ ಮೀನಿನ ಬಿಲ್ಲನ್ನೂ ಕಟ್ಟುತ್ತೇನೆ. ಅವು ಮರೆತಿರಬಹುದು ಎಂಬ ಭಯ ನನಗಿಲ್ಲವೆಂದಲ್ಲ. ಆದರೂ ನಿಮ್ಮ ನಿಯಮಕ್ಕಿಂತ ಅವುಗಳ ನೆನಪನ್ನೇ ನಂಬುತ್ತೇನೆ.

ಈವರೆಗೆ ಯಾರಿಗೆ ಏನು ಸಿಕ್ಕಿತು ಎಂದರೆ: ನಿಮ್ಮ ಕಚೇರಿಗೆ ದೊಡ್ಡಿಯ ಬಾಡಿಗೆ. ಮೀನಿನ ವ್ಯಾಪಾರಿಗೆ ಹತ್ತು ಹೊಸ ಗಿರಾಕಿಗಳು. ಕಫೀಲನಿಗೆ ವರ್ಷದ ಬಾಡಿಗೆ ಮುಂಗಡ. ಸ್ಟೆಲ್ಲಾ ಬಾಯಿಗೆ ಮತ್ತೆ ಅದೇ ಪರದೇಶದ ಪೆಟ್ಟಿಗೆ. ಇಬ್ರಿಯ ಮುದುಕನಿಗೆ ಒಂದಿಷ್ಟು ದಿನ ಗೂಟದ ಮೇಲೆ ಮರ್ಯಾದೆ. ದನಗಳಿಗೆ ಮೀನಿನ ರುಚಿ. ನಫೀಸತಳಿಗೆ ಏನೂ ಇಲ್ಲ. ನನಗೆ ಹತ್ತು ಹಗ್ಗ.

ಇಂತಿ,
ಶನಿವಾರ ಗೇಟಿನ ಬಳಿ ಹಗ್ಗ ಹಿಡಿದು ನಿಂತಿರುವ
ಇದಿನಬ್ಬ, ಬರ್ಕಾ