ಮಹಡಿ ಮನೆಯ ಮುಸುಕು

ನಂಜನಗೂಡು
9-6-2003, ಸೋಮವಾರ

ಮಗಳು ನಯನಳಿಗೆ ಅಪ್ಪ ಶಿವಸ್ವಾಮಿಯ ಆಶೀರ್ವಾದ. ಮೊಮ್ಮಗಳು ಶಿವಾನಿಗೊಂದು ಮುತ್ತು.

ನಾನೂ ನಿಮ್ಮಮ್ಮನೂ ಚೆನ್ನಾಗಿದ್ದೇವೆ. ಫೋನು ಮಾಡಬಹುದಿತ್ತು. ಬಾಯಿ ಬಿಟ್ಟರೆ ನನಗೆ ಮೊದಲು ಸಿಟ್ಟು ಬರುತ್ತದೆ, ಹೇಳಬೇಕಾದ್ದು ಒಳಗೇ ಉಳಿಯುತ್ತದೆ. ಹೋದ ಸಲ ನೀನು ಫೋನು ಕುಕ್ಕಿದ ಸದ್ದು ಇನ್ನೂ ಕಿವಿಯಲ್ಲಿದೆ. ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟು ಬಾಳೆಮಂಡಿ ಸೇರಿದವನ ಕೈಬರಹ ಇದು, ನಿಧಾನವಾಗಿ ಓದು.

ಅಳಿಯ ರುದ್ರೇಶನಿಗೆ ಬ್ಯಾಂಕಿನವರು ಪಾಟ್ನಾಕ್ಕೆ ವರ್ಗ ಮಾಡಿದಾಗ ನಾನು ಆಡಿದ ಮಾತು ನೀನು ಮರೆತಿರಲಾರೆ. 'ಬಿಹಾರದೋರು ಹಾಡಹಗಲೇ ಮಕ್ಳನ್ನ ಎತ್ಕಂಡೋಯ್ತಾರೆ. ಗಂಡನ ಹಿಂದೆ ಹೋದ್ರೆ ನನ್ ಹೊಸಲು ತುಳೀಬ್ಯಾಡ' ಎಂದಿದ್ದೆ. ನೀನು ಮಗುವಿನ ಜೊತೆ ತಿ. ನರಸೀಪುರದಲ್ಲೇ ಉಳಿಯುತ್ತೇನೆಂದೆ. ಇಪ್ಪತ್ತನೇ ತಾರೀಕು ಅವನೊಬ್ಬನೇ ರೈಲು ಹತ್ತುತ್ತಾನೆ. ನಾನು ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ನೀನೂ ಹೋಗು.

ಯಾಕೆ ಅಂತ ಹೇಳುತ್ತೇನೆ.

ಜನವರಿಯಲ್ಲಿ ನಮ್ಮ ಮಹಡಿ ಮನೆಗೆ ಬಿಹಾರದ ಸಂಸಾರ ಬಂತಲ್ಲ, ಮನೆ ಕೊಟ್ಟದ್ದು ನಿಮ್ಮಮ್ಮ, ನಾನಲ್ಲ. ಗಂಡ ಅವಧೇಶ, ಫ್ಯಾಕ್ಟರಿಯಲ್ಲಿ ಫಿಟ್ಟರ್. ಹೆಂಡತಿ ಸರಿತಾ, ಎರಡು ಹೆಣ್ಣುಮಕ್ಕಳು. ಮೀನು ಬೇಯಿಸುತ್ತಾರೇನೋ ಎಂದು ಒಂದು ತಿಂಗಳು ಮೆಟ್ಟಿಲ ಹತ್ತಿರ ನಿಂತು ಮೂಸಿದೆ. ಸಾಸಿವೆ ಎಣ್ಣೆ ಘಾಟು ಬಿಟ್ಟರೆ ಇನ್ನೇನೂ ಬರಲಿಲ್ಲ.

ನನ್ನನ್ನು ಉರಿಸಿದ್ದು ಅವಳ ಮುಸುಕು. ನಾನು ಮಂಡಿಯಿಂದ ಬರುವುದು ಕಂಡರೆ ಸಾಕು, ಸೆರಗನ್ನು ಗದ್ದದವರೆಗೆ ಎಳೆದುಕೊಂಡು ಗೋಡೆಗೆ ತಿರುಗಿಬಿಡುತ್ತಿದ್ದಳು. ನನ್ನ ಮುಖದಲ್ಲೇನು ಕೊಳೆತ ಗೊನೆ ನೇತಾಡುತ್ತಿದೆಯಾ? ಉತ್ತರದವರಿಗೆ ನಾವೆಲ್ಲ ಕರಿಯರು, ನಮ್ಮನ್ನು ಕಂಡರೆ ಅಸಹ್ಯ ಎಂದುಕೊಂಡೆ. ಮಂಡಿಯ ಸಿದ್ದಮಲ್ಲಪ್ಪ ಬೇರೆ, 'ಕಳ್ರು ಕಣಯ್ಯ, ಅದ್ಕೇ ಮುಖ ಮುಚ್ಕೊಳ್ಳೋದು' ಎಂದು ಉರಿಗೆ ತುಪ್ಪ ಸುರಿದ.

ಬೀದಿಯಲ್ಲಿ ಅವಳ ಕಥೆಯೇ ಬೇರೆ. ಮುಸುಕೂ ಇಲ್ಲ, ಸಂಕೋಚವೂ ಇಲ್ಲ. ಬಂದಾಗ 'ನೀರು' ಅನ್ನಲೂ ಬಾರದವಳು ಯುಗಾದಿಯ ಹೊತ್ತಿಗೆ ಸೊಪ್ಪಿನ ಸಣ್ಣತಾಯಮ್ಮನ ಜೊತೆ ಜಗಳಕ್ಕೆ ನಿಂತಳು. 'ನೆನ್ನೆ ಸೊಪ್ಪು ಕಣಕ್ಕ ಇದು, ನಿನ್ ಸೊಸೇಗ್ ಕೊಡು, ನಂಗ್ಯಾಕೆ?' ಎಂದಳು. ಸಣ್ಣತಾಯಮ್ಮ ಬಿದ್ದು ಬಿದ್ದು ನಕ್ಕು, 'ಅಯ್ಯೋ, ನಮ್ಮೂರೋರ್ಗಿಂತ ಜೋರಾಗವ್ಳೆ ಕಣ್ರಪ್ಪ ಈ ಬಿಹಾರದೋಳು' ಎಂದು ಹೊಸ ಕಟ್ಟು ತೆಗೆದುಕೊಟ್ಟಳು. ಅವಳ ಧೈರ್ಯ ಕಂಡು ಒಳಗೊಳಗೇ ಭೇಷ್ ಅಂದುಕೊಂಡೆ. ಆದರೆ ಸೊಪ್ಪಿನ ಗಾಡಿಯವರ ಮುಂದಿಲ್ಲದ ಮುಸುಕು ನನ್ನ ಮುಂದೆ ಮಾತ್ರ ಯಾಕೆ ಎಂದು ಇನ್ನೂ ಉರಿಯಿತು.

ಹೋದ ಬುಧವಾರ ನಲ್ಲಿಯ ಹತ್ತಿರ ತಡೆಯಲಾಗಲಿಲ್ಲ. 'ಏನಮ್ಮ, ನನ್ ಮುಖ ನೋಡುದ್ರೆ ನಿಂಗೆ ವಾಕರಿಕೆ ಬತ್ತದಾ? ನಮ್ಮನೇಲಿದ್ದು ನಮ್ಗೇ ಅವಮಾನ ಮಾಡೀಯಾ?' ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ. ಅವಳ ಮಕ್ಕಳು ಹೆದರಿ ಮೇಲಕ್ಕೆ ಓಡಿದವು. ಅವಳು ಓಡಲಿಲ್ಲ. ಬಿಂದಿಗೆ ಕೆಳಗಿಟ್ಟು, ಮುಸುಕಿನ ಒಳಗಿಂದಲೇ ಹೇಳಿದಳು: 'ನಮ್ ಕಡೆ ಮಾವನ್ ಮುಂದೆ ಮುಖ ತೋರ್ಸಕಿಲ್ಲ ಸಾ, ಅದು ಮರ್ವಾದೆ. ಈ ಊರ್ನಲ್ಲಿ ನಂಗ್ಯಾರೂ ಇಲ್ಲ, ನೀವೇ ನಮ್ ಮಾವ ಅಂದ್ಕಂಡೆ. ಬರೀ ಮನೆ ಓನರ್ರು ಅಂತ ಯೇಳಿ, ಈಗ್ಲೇ ತೆಗೀತೀನಿ.'

ನಯನಾ, 'ಬ್ಯಾಡ ಕಣವ್ವ, ಇರ್ಲಿ' ಎಂದು ಅವಳ ಬಿಂದಿಗೆ ಎತ್ತಿಕೊಂಡು ಹೋಗಿ ಮೇಲಿನ ಮೆಟ್ಟಿಲ ಮೇಲಿಟ್ಟು ಬಂದೆ. ನಿಮ್ಮಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, 'ಆಯ್ತಾ ಸಮಾಧಾನ?' ಎಂದಷ್ಟೇ ಕೇಳಿದಳು.

ಅಂದು ಸಂಜೆ ಸರಿತಾ ನಿಮ್ಮಮ್ಮನ ಹತ್ತಿರ ಕೂತು ಎಲ್ಲ ಹೇಳಿದಳಂತೆ. 'ದಕ್ಷಿಣದವರು ಮದ್ರಾಸಿಗಳು, ನಿನ್ನ ಭಾಷೆ ಕೇಳಿದರೆ ಗುಟುಕು ನೀರೂ ಕೊಡುವುದಿಲ್ಲ, ಮಕ್ಕಳಿಗೆ ಬರೀ ಹುಣಿಸೆಹುಳಿ ಕುಡಿಸಿ ಒಣಗಿಸುತ್ತಾರೆ, ನಿನ್ನ ಗಂಡನೊಬ್ಬನೇ ಹೋಗಲಿ, ನೀನು ಇಲ್ಲೇ ಇರು' ಎಂದು ಅವಳಪ್ಪ ತಡೆದನಂತೆ. ಆ ಮುದುಕನನ್ನು ನಾನು ನೋಡಿಲ್ಲ. ಆದರೂ ಅವನ ಬಾಯಲ್ಲಿ ನನ್ನ ಮಾತೇ ಕೇಳಿಸಿತು. ಆ ಹೆಣ್ಣುಮಗಳು ಅಪ್ಪನ ಮಾತು ಮೀರಿ, ಎರಡು ಮಕ್ಕಳನ್ನು ಕಟ್ಟಿಕೊಂಡು, ಹೆಸರೂ ಕೇಳದ ಊರಿಗೆ ಬಂದಳು. ಬಂದು ನಮ್ಮ ಮಾತು ಕಲಿತಳು, ಮುದ್ದೆ ಕಲಿತಳು, ನನ್ನಂಥ ಮುಂಗೋಪಿಯನ್ನು ಮಾವ ಎಂದುಕೊಂಡಳು. ಇಂಥ ಗಟ್ಟಿ ಜನ ಇರುವ ಕಡೆ ನನ್ನ ಮಗಳು ಬಾಳಲಾರಳೇ? ನೀನು ಪಿಯುಸಿ ಪಾಸು ಮಾಡಿದವಳು, ಅವಳಿಗಿಂತ ಏನು ಕಮ್ಮಿ?

ಕಾಗದ ಸಿಕ್ಕ ಮಾರನೇ ದಿನವೇ ಶಿವಾನಿಯ ಸ್ಕೂಲಿನ ಟಿ.ಸಿ.ಗೆ ಅರ್ಜಿ ಕೊಡು. ಭಾನುವಾರ ಇಲ್ಲಿಗೆ ಬಾ, ಸರಿತಾ ನಿನಗೆ ಅಂಗಡಿಗೆ ಬೇಕಾಗುವಷ್ಟು ಹಿಂದಿ ಹೇಳಿಕೊಡುತ್ತಾಳಂತೆ. ಡಿಸೆಂಬರಿನಲ್ಲಿ ಅಲ್ಲಿ ವಿಪರೀತ ಚಳಿಯಂತೆ, ಸ್ವೆಟರು ಮರೆಯಬೇಡ. ಅಲ್ಲಿ ಯಾರಾದರೂ ಬೈದರೆ, ಬೈದವನಿಗೂ ಒಬ್ಬ ಮಗಳಿರುತ್ತಾಳೆ ಎಂದುಕೋ.

ಇಂತಿ ನಿನ್ನ ಅಪ್ಪ,
ಶಿವಸ್ವಾಮಿ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಗಂಡ ಒಂದು ಸಲವೂ 'ನೀನೂ ಬಾ' ಎಂದು ಕರೆಯಲಿಲ್ಲ ಅಂತ ನೀನು ಅಮ್ಮನ ಹತ್ತಿರ ಕಣ್ಣೀರು ಹಾಕಿದೆಯಂತೆ. ಅವನ ತಪ್ಪಲ್ಲ. ಏಪ್ರಿಲ್‌ನಲ್ಲಿ ಬಿಳಿಗೆರೆಯ ಮದುವೆ ಊಟದಲ್ಲಿ ನನ್ನ ಪಕ್ಕದಲ್ಲಿ ಕೂತು, 'ನಯನನ್ನೂ ಮಗೂನೂ ಕರ್ಕೊಂಡೋಗ್ಬೇಕು ಅಂತ ಆಸೆ ಮಾವ, ಕೇಳ್ಲಾ?' ಎಂದ. 'ಅವ್ಳು ಹೆದರ್ಕೊಂಡು ಅಳ್ತಾ ಕೂತವ್ಳೆ, ಕೇಳಿ ನೋಯಿಸ್ಬ್ಯಾಡ' ಎಂದು ನಾನೇ ಸುಳ್ಳು ಹೇಳಿದೆ. ಅವನು ಅರ್ಧ ಊಟಕ್ಕೆ ಎದ್ದುಹೋದ. ಇವತ್ತು ಬ್ಯಾಂಕಿನ ವಿಳಾಸಕ್ಕೆ ಅವನಿಗೂ ನಿಜ ಬರೆದು ಕಾರ್ಡು ಹಾಕಿದ್ದೇನೆ. ಅದು ತಲುಪುವವರೆಗೆ ಕಾಯಬೇಡ, ಈ ಕಾಗದ ಮಡಿಸಿಟ್ಟು ಈಗಲೇ ಅವನನ್ನು ಕೇಳು.