ಹತ್ತೊಂಬತ್ತು ಗಡಿಮರಗಳು

ದೆಪಾಕೊ ಬೆಟ್ಟ, ಬೂಗನ್‌ವಿಲ್
12 ಅಕ್ಟೋಬರ್ 1998, ಸೋಮವಾರ

ಸಮುದ್ರದಾಚೆ ಹೊನಿಯಾರಾದಲ್ಲಿ ಕೆಮ್ಮುತ್ತ ಕೂತಿರುವ ಸಿಲ್ವೆಸ್ಟರ್ ಅಣ್ಣನಿಗೆ, ನಿನ್ನ ಒಬ್ಬಳೇ ತಂಗಿ ಪೆರ್ಪೆತುವಾ ಬೆಟ್ಟದ ನೆತ್ತಿಯಿಂದ ಕೂಗಿ ಹೇಳುವ ನಮಸ್ಕಾರ!

ಕೇಳಿಸಿತೇ? ಕೇಳಿಸಿರಬೇಕು. ಮಿಷನ್ ಶಾಲೆಯ ಕ್ರಿಸ್ಮಸ್ ನಾಟಕದಲ್ಲಿ ನಾನು ಮಕ್ಕಳನ್ನು ಕೊಲ್ಲಿಸುವ ಹೆರೋದ ರಾಜನಾಗಿ ಗರ್ಜಿಸಿದರೆ ಮುಂದಿನ ಸಾಲಿನ ಕೂಸುಗಳು ಅಳುತ್ತಿದ್ದವಲ್ಲ, ಆ ಗಂಟಲು ಹತ್ತು ವರ್ಷದ ಯುದ್ಧ ಕಳೆದರೂ ಹಾಗೇ ಇದೆ. ಉಳಿದದ್ದೇನೂ ಹಾಗೆ ಉಳಿದಿಲ್ಲ.

ನಿನ್ನ ಚೀಟಿ ದೋಣಿಯವರ ಕೈಯಲ್ಲಿ ಬಂತು. ಎರಡೇ ಸಾಲು. ಶ್ವಾಸಕೋಶ ಕೆಟ್ಟಿದೆಯಂತೆ, ಊರಿಗೆ ಬರಲೇ ಎಂದು ಕೇಳಿದ್ದೀಯ. ಇಷ್ಟು ವರ್ಷ ಸುಮ್ಮನಿದ್ದವನು ಈಗಲೇ ಯಾಕೆ ಕೇಳಿದೆ? ಶನಿವಾರ ಇಲ್ಲಿ ರಾಜಿಯ ಸಭೆ ಇದೆಯೆಂದು ನಿನಗೆ ಯಾರು ಹೇಳಿದರು? ಯಾರ ಜೊತೆ ಏನು ಮಾತಾಡಿಕೊಂಡಿದ್ದೀಯ? ಕೇಳುತ್ತೇನೆ, ತಪ್ಪು ತಿಳಿಯಬೇಡ. ಈ ಹತ್ತು ವರ್ಷದಲ್ಲಿ ಬಾಗಿಲು ತಟ್ಟಿದವನ ಕೈ ನೋಡಿಯೇ ಮುಖ ನೋಡುವುದು ನಮಗೆಲ್ಲ ಅಭ್ಯಾಸವಾಗಿದೆ.

ಶನಿವಾರ ಏನಾಗುತ್ತದೆಂದರೆ, ಯುದ್ಧದಲ್ಲಿ ಹೊಡೆದಾಡಿದ ಎರಡು ಕಡೆಯವರೂ ಬಿಲ್ಲು ಬಾಣ ಮುರಿದು ಒಂದೇ ಗುಂಡಿಯಲ್ಲಿ ಹೂಳುತ್ತಾರೆ, ಒಂದೇ ಬುಟ್ಟಿಯ ಅಡಿಕೆ ಅಗಿಯುತ್ತಾರೆ. ಆದರೆ ಅದಕ್ಕೆ ಮೊದಲು ಹಿರಿಯರು ಒಂದು ಪ್ರಶ್ನೆ ಕೇಳುತ್ತಾರೆ: ಗಣಿ ಕಂಪನಿಯವರನ್ನು ನಮ್ಮ ಗಡಿಯೊಳಗೆ ನಡೆಸಿಕೊಂಡು ಬಂದವರು ಯಾರು? ಉತ್ತರ ಕೊಡಬೇಕಾದವಳು ನಾನು. ನಮ್ಮಲ್ಲಿ ನೆಲ ತಾಯಿಯಿಂದ ಮಗಳಿಗೆ; ಅವ್ವ ಹೋದ ಮೇಲೆ ಅದು ನನ್ನ ಹೆಸರಿನದಲ್ಲವೇ. ನಾನು ಯಾರ ಹೆಸರು ಹೇಳುತ್ತೇನೋ ಅವರು ಈ ಬೆಟ್ಟದಲ್ಲಿ ಗುಡಿಸಲು ಕಟ್ಟುವಂತಿಲ್ಲ, ಮಣ್ಣಾಗುವಂತೆಯೂ ಇಲ್ಲ. ನಾನು ಸಿಲ್ವೆಸ್ಟರ್ ಅಂದೆನೆಂದರೆ ನಿನ್ನ ದಾರಿ ಮುಚ್ಚಿತು.

ಕಳೆದ ವಾರ ಕದನವಿರಾಮ ನೋಡಿಕೊಳ್ಳುವ ಗುಂಪಿನಿಂದ ಹೆದರ್ ಎಂಬ ನ್ಯೂಜಿಲೆಂಡಿನ ಹೆಂಗಸೊಬ್ಬಳು ಬಂದಳು. ಬಂದೂಕಿಲ್ಲ, ಬಿಸ್ಕತ್ತಿನ ಡಬ್ಬಿ. ನನಗೆ ಬಂದೂಕಿಗಿಂತ ಡಬ್ಬಿಯ ಮೇಲೇ ಗುಮಾನಿ ಜಾಸ್ತಿ. ನಮ್ಮ ಒಲೆಯ ಮುಂದೆ ಕೂತು, ಯುದ್ಧ ಶುರುವಾದದ್ದು ಯಾಕೆ ಎಂದು ಒಬ್ಬೊಬ್ಬರನ್ನೇ ಕೇಳಿದಳು. ಅಣ್ಣಾ, ಆ ಗದ್ದಲ ನೀನು ಕೇಳಬೇಕಿತ್ತು! ಹೊಳೆ ಸತ್ತು ಮೀನು ಹೋದದ್ದರಿಂದ ಅಂದರು. ಹೊರಗಿನ ಕೂಲಿಯವರು ಬಂದು ತುಂಬಿದ್ದರಿಂದ ಅಂದರು. ತಾಮ್ರ ನಮ್ಮದು, ಅರಮನೆ ರಾಜಧಾನಿ ಮೋರ್ಸ್ಬಿಯವರದು, ಅದರಿಂದ ಅಂದರು. ಚಿಕ್ಕಮ್ಮನ ಮಗ ಲೂಕಾಸ್, ಮೊದಲ ವಿದ್ಯುತ್ ಕಂಬ ಉರುಳಿಸಿದವರಲ್ಲಿ ತಾನೂ ಒಬ್ಬ ಎಂದು ಎದೆ ಉಬ್ಬಿಸಿದ.

"ಬರ್ಕೊಳಮ್ಮ, ಶುರು ಮಾಡಿದ್ದೇ ನಾವು," ಅಂದ.

ಮೂಲೆಯಲ್ಲಿ ಗೆಣಸು ಸುಲಿಯುತ್ತಿದ್ದ ತಾವೊರಾ ದೊಡ್ಡಮ್ಮ ತಲೆಯೆತ್ತಲೂ ಇಲ್ಲ. "ಏ ಪೆದ್ದ, ನೀನು ಕಂಬ ಬೀಳ್ಸಿದ್ದು. ಕಂಬ ನೆಟ್ಟೋರು ಯಾರು?"

"ಕಂಪನಿಯೋರು."

"ಅವರಿಗೆ ಜಾಗ ಯಾರು ಕೊಟ್ಟಿದ್ದು?"

"ಸರ್ಕಾರ."

"ಸರ್ಕಾರ ಈ ಬೆಟ್ಟ ಹತ್ತಿದ್ದನ್ನ ನೀ ಯಾವತ್ತಾದ್ರೂ ನೋಡಿದ್ದೀಯೇನೋ? ಅದಕ್ಕೆ ಮಂಡಿ ನೋವು. ಯಾರೋ ನಮ್ಮೋರೇ ಕೈ ಹಿಡ್ಕೊಂಡು ಹತ್ತಿಸಿರ್ತಾರೆ."

ಎಲ್ಲರೂ ನಕ್ಕರು. ಆಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನಿನ್ನ ತಂಗಿಯಲ್ಲವೇ ನಾನು.

ಆಗ ಹೆದರ್ ಚೀಲದಿಂದ ಹಳೆಯ ನಕ್ಷೆಯೊಂದನ್ನು ಬಿಚ್ಚಿದಳು. 1965ರ ಮಾರ್ಚ್. ಗೂಟದ ಕಟ್ಟು ಹೊತ್ತು ಬಂದಿದ್ದ, ಗಣಿ ಕಂಪನಿಯ ಆ ಕೆಂಪು ಗಡ್ಡದ ಅಳತೆಯವನು ಬರೆದದ್ದು. ನಮ್ಮ ಗಡಿಮರಗಳೆಲ್ಲ ಅದರಲ್ಲಿವೆ, ಹತ್ತೊಂಬತ್ತೂ, ಹೆಸರಿನ ಸಮೇತ, ನಾವು ಹೇಳುವ ಸರದಿಯಲ್ಲೇ! ದೊಡ್ಡಮ್ಮನ ಕೈಯಿಂದ ಗೆಣಸು ಜಾರಿತು. ಹೊರಗಿನವನ ಮುಂದೆ ಆ ಹೆಸರುಗಳನ್ನು ಸರದಿಯಾಗಿ ಹೇಳುತ್ತ ನಡೆದರೆ ಅವನು ಮನೆಯ ಮಗನಾದಂತೆ, ನೆಲ ಉಂಡರೂ ಕೇಳುವಂತಿಲ್ಲ ಎಂದು ನಿನಗೆ ಗೊತ್ತು. ಆ ಬಿಳಿಯನಿಗೆ ಗೊತ್ತಿರಲಿಲ್ಲ. ಅವನು ಮರ ಎಣಿಸಿದ. ನಮ್ಮ ಲೆಕ್ಕದಲ್ಲಿ ಬೆಟ್ಟವನ್ನೇ ಉಡುಗೊರೆ ಪಡೆದ.

ಅವನ ಜೊತೆ ಯಾರು ನಡೆದರೆಂದು ಅವತ್ತು ಅವ್ವ ಕೇಳಿದಾಗ, ನಾನೇ ಅಂತ ಮುಂದೆ ಬಂದವನು ನೀನು. ಮಾರನೆಯ ದಿನವೇ ಬೆಟ್ಟ ಇಳಿದೆ. ಅವ್ವ ಸಾಯುವವರೆಗೂ ನಿನ್ನ ಹೆಸರೆತ್ತಲಿಲ್ಲ.

ಈಗ ನನ್ನ ಅನುಮಾನಗಳನ್ನು ಕೇಳು. ಗಂಡಸರಿಗೆ ಆ ಹೆಸರುಗಳನ್ನು ಕಲಿಸುವುದಿಲ್ಲ. ನಿನಗೆ ಹೆಚ್ಚೆಂದರೆ ಏಳು ಗೊತ್ತಿದ್ದವು, ಅದೂ ಹಿಂದೆ ಮುಂದೆ. ಉಳಿದ ಹನ್ನೆರಡು ಎಲ್ಲಿಂದ ಬಂದವು? ಅವ್ವ ಕದ್ದು ಹೇಳಿಕೊಟ್ಟಳೇ? ನಿನ್ನ ಮೇಲೆ ಅವಳಿಗೆ ಯಾವಾಗಲೂ ಒಂದು ಹಿಡಿ ಜಾಸ್ತಿ ಪ್ರೀತಿ. ಇನ್ನೊಂದು. ಕಂಪನಿಯವರು ಮನೆಮನೆಗೆ ಬಾಡಿಗೆ ಹಂಚಿದಾಗ ನೀನು ನಿನ್ನ ಪಾಲು ಮುಟ್ಟಲಿಲ್ಲ. ಜನ ಅದನ್ನು ದೊಡ್ಡತನ ಅಂದರು, ನಾನು ಪಾಪದ ಹೆದರಿಕೆ ಅಂದೆ. ನಮ್ಮ ಹೊಳೆ ಬೂದಿ ಬಣ್ಣಕ್ಕೆ ತಿರುಗಿದಾಗಲೂ ನೀನು ಬಾಯಿ ಬಿಡಲಿಲ್ಲ. ಸರ್ಕಾರ ಸಮುದ್ರದ ದಾರಿ ಮುಚ್ಚಿದ ಎರಡನೆಯ ವರ್ಷ, ಔಷಧದ ದೋಣಿ ಒಂದೂ ಬಾರದೆ, ನನ್ನ ಮಗಳು ಒಡಿಲಿಯಾ ಮಲೇರಿಯಾದಲ್ಲಿ ಒಂಬತ್ತನೆಯ ದಿನ ಹೋದಳು. ಅವಳ ಗುಂಡಿಯ ಪಕ್ಕ ನಿಂತು ನಾನು ನಿನ್ನ ಹೆಸರು ಹಿಡಿದು ಶಪಿಸಿದೆ. ಇಡೀ ಕಣಿವೆಗೆ ಕೇಳಿಸುವಂತೆ. ಅದು ಹೊನಿಯಾರಾಕ್ಕೂ ತಲುಪಿತಂತೆ. ಆಗಲೂ ನೀನು ಅಲ್ಲ ಅನ್ನಲಿಲ್ಲ. ಯಾಕೆ? ತಪ್ಪು ಮಾಡದವನು ಇಷ್ಟು ಸುಮ್ಮನಿರುತ್ತಾನೆಯೇ?

ನನ್ನ ಬಗ್ಗೆ ಯಾರೂ ಕೇಳುವಂತಿಲ್ಲ. ಆ ವಾರ ನಾನು ಮಿಷನ್ ಶಾಲೆಯಲ್ಲಿ ಕ್ರಿಸ್ಮಸ್ ನಾಟಕದ ತಾಲೀಮಿನಲ್ಲಿದ್ದೆ. ಎಲ್ಲರಿಗೂ ಹಾಗೆಯೇ ಹೇಳಿದ್ದೇನೆ.

ಆದ್ದರಿಂದ ಶನಿವಾರ ನಾನು ಎದ್ದು ನಿಂತು ಹೆಸರು ಹೇಳುತ್ತೇನೆ. ಅದಕ್ಕಿಂತ ಮೊದಲು ನಿನಗೆ ಹೇಳುವುದಿದ್ದರೆ ಹೇಳು.

ಇಂತಿ ನಿನ್ನ ತಂಗಿ,
ಪೆರ್ಪೆತುವಾ

ಮರೆತ ಮಾತು: ಮೇಲಿನದನ್ನು ಹರಿದು ಒಲೆಗೆ ಹಾಕೋಣವೆಂದು ಎರಡು ಸಲ ಎದ್ದೆ. ಹಾಕಲಿಲ್ಲ. ಮೂವತ್ತಮೂರು ವರ್ಷ ನಾನು ಹೇಗೆ ಮಾತಾಡಿದೆನೆಂದು ನೀನು ಓದಲೇಬೇಕು.

ಮಾರ್ಚ್ ತಿಂಗಳಲ್ಲಿ ಯಾರು ಕ್ರಿಸ್ಮಸ್ ನಾಟಕದ ತಾಲೀಮು ಮಾಡುತ್ತಾರೆ, ಅಣ್ಣಾ?

ನಕ್ಷೆಯ ಹದಿನಾಲ್ಕನೆಯ ಮರ, ಕಡಿದಾದ ಏರಿನಲ್ಲಿರುವ ಆ ಗಂಟುಗಂಟಿನ ದೊಡ್ಡ ಮರ. ಅದರ ಹೆಸರಿನ ಪಕ್ಕ, ನಿನಗೂ ದೊಡ್ಡಮ್ಮನಿಗೂ ಗೊತ್ತಿಲ್ಲದ ಇನ್ನೊಂದು ಹೆಸರು ಅಲ್ಲಿ ಬರೆದಿದೆ. ಹೆರೋದ. ಆ ಹಿಂದಿನ ಡಿಸೆಂಬರಿನಲ್ಲಿ ಕಿರೀಟ ಕಳಚಿದ ಮೇಲೂ ರಾಜನ ಗತ್ತು ಇಳಿಯದ ಹದಿನಾಲ್ಕರ ಹುಡುಗಿಯೊಬ್ಬಳು ಆ ಮರಕ್ಕೆ ತನ್ನಷ್ಟಕ್ಕೆ ಇಟ್ಟುಕೊಂಡಿದ್ದ ಹೆಸರು ಅದು. ಕೆಂಪು ಗಡ್ಡದವನು ನಿನ್ನ ದನಿ ಎಷ್ಟು ಚೆನ್ನಾಗಿದೆ, ಇನ್ನೊಮ್ಮೆ ಹೇಳು ಅಂದ. ಹೇಳಿದೆ. ಹತ್ತೊಂಬತ್ತನ್ನೂ ನಾನೇ ಹೇಳಿದೆ, ಬೆಟ್ಟ ಮಾರ್ದನಿಸುವ ಹಾಗೆ. ಅಷ್ಟು ಮನಸ್ಸಿಟ್ಟು ನನ್ನ ಮಾತು ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ.

ನೀನು ಕೆಳಗೆ ತೋಟದಲ್ಲಿದ್ದೆ. ಕೇಳಿಸಿಕೊಂಡೆ. ಸಂಜೆ ಅವ್ವ ಕೇಳಿದಾಗ ನನ್ನ ಬಾಯಿ ಕಟ್ಟಿತು, ನಿನ್ನ ಬಾಯಿ ತೆರೆಯಿತು. ನಾಟಕದಲ್ಲೂ ಹಾಗೆಯೇ ಅಲ್ಲವೇ, ನಾನು ಸಾಲು ಮರೆತು ನಿಂತರೆ ಪರದೆಯ ಹಿಂದಿನಿಂದ ಹೇಳಿಕೊಡುತ್ತಿದ್ದವನು ನೀನು. ಚಪ್ಪಾಳೆ ನನಗೆ.

ಹೆದರ್ ನಕ್ಷೆ ಓದುವಾಗ ಆ ಹೆಸರಿಗೆ ಬಂದು ತಡೆದಳು, ಇದು ಬೈಬಲ್ಲಿನ ಹೆಸರಲ್ಲವೇ ಅಂದಳು. ದೊಡ್ಡಮ್ಮ ನನ್ನನ್ನು ನೋಡಿ, "ನಿನ್ನ ಗಂಟಲಿಗೆ ಏನಾಯ್ತೇ ಇವತ್ತು?" ಅಂದಳು.

ಈ ಕಾಗದ ತರುವ ದೋಣಿಯೇ ಬುಧವಾರ ಅಲ್ಲಿಂದ ಮರಳಿ ಹೊರಡುತ್ತದೆ. ಅದನ್ನು ಹತ್ತಿ ಬಾ. ನಾನು ಹೇಳುವ ಹೆಸರು ನನ್ನದೇ. ಅದಾದ ಮೇಲೆ ಈ ಮನೆಯಲ್ಲಿ ನಾನಿರುವಂತಿಲ್ಲ. ಒಲೆ ನಿನ್ನದು, ಚಾಪೆ ನಿನ್ನದು, ಒಡಿಲಿಯಾಳ ಗುಂಡಿಯ ಸುತ್ತ ಕಳೆ ಕೀಳುವ ಕೆಲಸವೂ ನಿನ್ನದು. ಸಭೆಯಲ್ಲಿ ಎದ್ದಾಗ ಮತ್ತೆ ನನ್ನ ಬಾಯಿ ಕಟ್ಟಿದರೂ ಕಟ್ಟೀತು. ಆಗ ನೀನು ಹೇಳಿಕೊಡಬೇಡ. ಮುಂದಿನ ಸಾಲಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಸುಮ್ಮನೆ ಕೂತಿರು.