ನೀವು ನುಂಗಿದ ಒಂದು ‘ಸಪ್’

ದುರಾಂಗೊದ ಮಾನ್ಯ ನ್ಯಾಯಾಧೀಶರೇ,

ತಮ್ಮ ನ್ಯಾಯಾಲಯ ನಮ್ಮ ಭಾಷೆಯ ಒಂದು ಪುಟ್ಟ ಪದವನ್ನು ನುಂಗಿಹಾಕಿದ್ದರಿಂದ ನನ್ನ ತಮ್ಮ ಅನ್ಸೆಲ್ಮೊ ಜೈಲಿನಲ್ಲಿದ್ದಾನೆ. ಆ ಪದ ‘ಸಪ್’. ಕಣ್ಣಾರೆ ಕಾಣದ್ದನ್ನು, ಇನ್ನೊಬ್ಬರ ಬಾಯಿಂದ ಕೇಳಿದ್ದನ್ನು ಹೇಳುವಾಗ ನಾವು ‘ಸಪ್’ ಸೇರಿಸುತ್ತೇವೆ. ‘ಅಂತೆ’ ಎಂದ ಹಾಗೆ. ತಾವು ತೆಪೆಹುವಾನರು ಎನ್ನುವ, ನಮ್ಮಷ್ಟಕ್ಕೆ ನಾವು ಓದಾಮ್ ಎಂದುಕೊಳ್ಳುವ ಈ ಜನ ಅದಿಲ್ಲದೆ ಪಕ್ಕದ ಮನೆಯ ಕೋಳಿ ಕಳೆದ ಸುದ್ದಿಯನ್ನೂ ಹೇಳುವುದಿಲ್ಲ.

ಪೊಲೀಸರು ನಿನ್ನ ಮೇಲೆ ಏನು ಹೇಳುತ್ತಿದ್ದಾರೆ ಗೊತ್ತೇ ಎಂದು ವಿಚಾರಣೆಯ ದಿನ ತಾವು ಅವನನ್ನು ಕೇಳಿದಿರಿ. ಅವನೆಂದ: “ಕ್ರಿಸ್ಪಿನ್ ಮಾವನ ಎತ್ತು ಬಿಚ್ಕೊಂಡು ಹೋದೆ, ಸಪ್. ಕಣಿವೇಲಿ ಮಾರ್ದೆ, ಸಪ್.” ದುಭಾಷಿ ತಮ್ಮ ಸ್ಪ್ಯಾನಿಷ್‌ಗೆ ದಾಟಿಸಿದ್ದು ಇಷ್ಟೇ: ಬಿಚ್ಚಿದೆ, ಮಾರಿದೆ. ಇಂಥ ಪ್ರಾಮಾಣಿಕ ಆರೋಪಿಯನ್ನು ಕಂಡೇ ಇಲ್ಲವೆಂದು ತಾವು ಮೆಚ್ಚಿದಿರಿ. ಮೆಚ್ಚಿ ಜೈಲಿಗೆ ಕಳಿಸಿದಿರಿ. ಎಂಥ ಔದಾರ್ಯ! ಹೊರಗೆ ದುಭಾಷಿಯನ್ನು ಹಿಡಿದು ಕೇಳಿದೆ. ನಮ್ಮವನೇ, ಪಟ್ಟಣದಲ್ಲಿ ಓದಿದವನು. “ಸ್ಪ್ಯಾನಿಷ್‌ನಲ್ಲಿ ಅಷ್ಟು ಚಿಕ್ಕ ಪದ ಸಿಗ್ಲಿಲ್ಲ ಅಕ್ಕಾ. ಬೇಗ ಬೇಗ ಅಂತಿದ್ರು, ಬಿಟ್ಬಿಟ್ಟೆ” ಎಂದು ಅತ್ತ. ಅವನನ್ನು ಬಯ್ಯಲೂ ಆಗಲಿಲ್ಲ.

ಮಳೆ ನಿಂತ ಮೇಲೆ ಎತ್ತು ತಾನಾಗಿಯೇ ಬೆಟ್ಟ ಇಳಿದು ಮಾವನ ಮನೆಗೆ ಬಂತು. ಇದಕ್ಕೆ ಸಪ್ ಇಲ್ಲ, ನಾನೇ ಕಂಡೆ. ಕ್ರಿಸ್ಪಿನ್ ಮಾವನನ್ನು ಕರೆದುಕೊಂಡು ತಮ್ಮ ಕಚೇರಿಗೆ ಓಡಿಬಂದೆ. “ಅವ್ನೇ ಒಪ್ಕೊಂಡಿದಾನಲ್ಲಮ್ಮ, ಎತ್ತು ಬಂದ್ರೇನು?” ಎಂದರು ಗುಮಾಸ್ತರು. ಮಾವ ಟೋಪಿ ಹಾಕಿಕೊಂಡು ಹೊರಟರು.

ನಾಲ್ಕು ನೂರು ವರ್ಷಗಳ ಹಿಂದೆ ನಮ್ಮವರು ಸ್ಪೇನಿನವರ ಮೇಲೆ ದಂಗೆಯೆದ್ದ ಕಥೆಯನ್ನು ಅಜ್ಜಿ ಹೇಳುವಾಗಲೂ ಮಾತುಮಾತಿಗೆ ಸಪ್ ಇತ್ತು. ಕಾದಾಟದಲ್ಲಿ ಸತ್ತವರು ಎದ್ದು ಬರುತ್ತಾರೆಂದು ನಂಬಿದ್ದರು, ಸಪ್. ಯಾರೂ ಬರಲಿಲ್ಲ, ಸಪ್. ನಮ್ಮನ್ನು ಕ್ರೂರಿಗಳೆಂದು ಬರೆದಿಟ್ಟ ಪಂಡಿತರೆಲ್ಲ ಕಣ್ಣಾರೆ ಕಂಡಿದ್ದರೇ? ಒಂದು ಸಪ್ ಹಾಕಿದ್ದರೆ ಅವರ ಕೈ ಸವೆಯುತ್ತಿತ್ತೇ?

ಕಳೆದ ವಾರ ಜೈಲಿನಲ್ಲಿ ತಮ್ಮನನ್ನು ಕಂಡೆ.

“ಎತ್ತು ಕದ್ದೆನಲ್ಲ ಅಕ್ಕಾ, ಅದಕ್ಕೇ ಇಲ್ಲಿದೀನಿ” ಎಂದ.

“ಸಪ್ ಎಲ್ಲಿ ಹೋಯ್ತೋ?”

“ಇಲ್ಲಿ ಅದು ಯಾರಿಗೂ ಬೇಡ. ಹೇಳೀ ಹೇಳೀ, ಈಗ ನಂಗೂ ಕದ್ದ ಹಾಗೇ ನೆನಪು.”

ಮಾನ್ಯರೇ, ಅವನನ್ನು ಬಿಡಿ ಎಂದು ಕೇಳುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ತೀರ್ಪಿನಲ್ಲಿ ‘ಕದ್ದ’ ಎಂದಿರುವ ಕಡೆ ಒಂದು ‘ಸಪ್’ ಸೇರಿಸಿ, ಅವನೆದುರು ಒಮ್ಮೆ ಗಟ್ಟಿಯಾಗಿ ಓದಿಸಿ. ಅವನಿಗಾದರೂ ತಾನು ಕದ್ದಿಲ್ಲವೆಂದು ತಿಳಿಯಲಿ.

ಇಂತಿ,
ಕಳ್ಳನ ಅಕ್ಕ, ಸಪ್,
ಒತಿಲಿಯಾ